ಓದುಗರ ಪ್ರಶ್ನೆ: ಎಲ್ಲರೂ ‘ಬೇಡ’ ಅಂದ ಮೇಲೆ ಮಾಸ್ತರು ಏನು ಮಾಡಿದರು?

ಪ್ರಶ್ನೆ: ಅಕ್ಕಾ, ಧಾರವಾಡದಲ್ಲಿ ತೀರಿಕೊಂಡ ನಿಮ್ಮ ಹಿರಿಯ ಸಹೋದ್ಯೋಗಿಯೊಬ್ಬರ ಬಗ್ಗೆ ಹೋದ ತಿಂಗಳು ಈ ಅಂಕಣದಲ್ಲಿ ಎರಡೇ ಸಾಲು ಬರೆದಿದ್ದಿರಿ. ಶುರುವಿನಲ್ಲಿ ಯಾವ ಪತ್ರಿಕೆಯವರೂ ಅವರನ್ನು ತೆಗೆದುಕೊಳ್ಳಲಿಲ್ಲ, ಕಡೆಗೆ ಅವರೇ ಸುದ್ದಿ ಸಂಪಾದಕರಾದರು ಅಂತ. ನಾನು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ಎಂ.ಎ. ಮಾಡಿದ್ದೇನೆ. ಪತ್ರಿಕೆ, ಟಿವಿ, ವೆಬ್‌ಸೈಟು ಎಲ್ಲ ಕಡೆ ಅರ್ಜಿ ಹಾಕಿದ್ದಾಯಿತು. ಕೆಲವರು ಅನುಭವ ಇಲ್ಲ ಅಂದರು, ಒಬ್ಬರು ನಿನ್ನ ಬರವಣಿಗೆಯಲ್ಲಿ ನಿಮ್ಮೂರ ವಾಸನೆ ಬಹಳ ಅಂದರು, ಉಳಿದವರು ಉತ್ತರವನ್ನೇ ಕೊಡಲಿಲ್ಲ. ಈಗ ಅಪ್ಪನ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತ ಕೂತಿದ್ದೇನೆ. ಆ ಹಿರಿಯರು ಹೇಗೆ ತಡೆದುಕೊಂಡರು, ಸ್ವಲ್ಪ ಹೇಳುತ್ತೀರಾ?
— ಓದುಗಿ, ಬ್ಯಾಡಗಿ

ಉತ್ತರ: ತಂಗಿ, ಹೋದ ಸಲ ಜಾಗ ಇರಲಿಲ್ಲ. ಈ ಸಲದ ಅಂಕಣದ ಬಹುಪಾಲು ಅವರಿಗೇ ಕೊಡುತ್ತೇನೆ. ನಾವೆಲ್ಲ ಅವರನ್ನು ಮಾಸ್ತರು ಅಂತಿದ್ದೆವು. ಹೆಸರು ಹಾಕುವುದು ಬೇಡ ಅಂತ ಮನೆಯವರು ಕೇಳಿಕೊಂಡಿದ್ದಾರೆ, ಹಾಗಾಗಿ ಇಲ್ಲಿಯೂ ಮಾಸ್ತರೇ.

ರೋಣ ತಾಲೂಕಿನ ಒಂದು ಹಳ್ಳಿ ಅವರದು. ಎರಿ ಹೊಲ, ಮಳೆಯಾದರೆ ಜೋಳ, ಇಲ್ಲದಿದ್ದರೆ ಏನೂ ಇಲ್ಲ. ಪೇಪರು ಊರಿಗೆ ಒಂದು ದಿನ ತಡವಾಗಿ ಬರುತ್ತಿತ್ತು, ಚಾವಡಿ ಕಟ್ಟೆಯ ಮೇಲೆ ಕೂತು ದೊಡ್ಡ ದನಿಯಲ್ಲಿ ಓದಿ ಹೇಳುವ ಕೆಲಸ ಈ ಹುಡುಗನದು. ಕೇಳುವವರು ನಡುನಡುವೆ ಪ್ರಶ್ನೆ ಹಾಕುತ್ತಿದ್ದರಂತೆ: ‘ಅದರ ಅರ್ಥ ಏನೋ ತಮ್ಮಾ? ನಮಗೇನು ಬಂತು ಅದರಿಂದ?’ ಮುಂದೆ ನಮ್ಮ ಡೆಸ್ಕಿನಲ್ಲಿ, ಅಂದರೆ ಸುದ್ದಿ ತಿದ್ದಿ ಅಚ್ಚಿಗೆ ಕಳಿಸುವ ವಿಭಾಗದಲ್ಲಿ, ಮಾಸ್ತರು ನಾವು ಬರೆದ ಕಾಪಿ ಹಿಡಿದು ಕೇಳುತ್ತಿದ್ದುದೂ ಅದೇ ಎರಡು ಪ್ರಶ್ನೆ.

ಮ್ಯಾಟ್ರಿಕ್ ಪಾಸಾಗಿ, 1960ರ ದಶಕದ ಶುರುವಿನಲ್ಲಿ, ಒಂದು ಕೈಚೀಲ ಹಿಡಿದು ಹುಬ್ಬಳ್ಳಿಗೆ ಬಂದರು. ಮೊದಲು ಹೋದ ಪತ್ರಿಕೆಯಲ್ಲಿ ಪರೀಕ್ಷೆ ಕೊಟ್ಟರು. ದೂರದಿಂದ ಬಂದ ಸುದ್ದಿಯನ್ನು ಕಾಗದದ ಮೇಲೆ ಅಚ್ಚು ಮಾಡುವ ಟೆಲಿಪ್ರಿಂಟರಿನಿಂದ ಹರಿದ ಒಂದು ತುಂಡು ಇಂಗ್ಲಿಷ್ ಸುದ್ದಿ, ಅದನ್ನು ಕನ್ನಡ ಮಾಡಬೇಕು. ಆಗಿನ ಕನ್ನಡ ದಿನಪತ್ರಿಕೆಯ ಡೆಸ್ಕು ಅಂದರೆ ಮುಕ್ಕಾಲು ಪಾಲು ಅನುವಾದವೇ. ಪಿಟಿಐ ಸುದ್ದಿಸಂಸ್ಥೆಯ ಸುದ್ದಿ ಇಂಗ್ಲಿಷಿನಲ್ಲೇ ಬರುತ್ತಿತ್ತು, ಬೆಳಗಾಗುವುದರೊಳಗೆ ಕನ್ನಡವಾಗಿ ಓದುಗರ ಮನೆ ಸೇರಬೇಕು. ಏಳನೇ ಇಯತ್ತೆವರೆಗೆ ಹಳ್ಳಿ ಸಾಲಿಯಲ್ಲಿ ಕಲಿತ ಹುಡುಗನಿಗೆ ಎಲ್ಲಿಯ ಇಂಗ್ಲಿಷು? ಅರ್ಧ ತಾಸಿನಲ್ಲಿ ನಾಲ್ಕು ಸಾಲು ಬರೆದರು. ಮುಖ್ಯ ಉಪಸಂಪಾದಕರು ಮೇಲಿಂದ ಕೆಳಗೆ ಕೆಂಪು ಗೆರೆ ಎಳೆದು, ಕಾಗದವನ್ನು ಮಡಚಿ ಕೈಗೆ ಕೊಟ್ಟು, ‘ಊರಾಗ ಸಾಲಿ ಮಾಸ್ತರಕಿ ಸಿಗತದೇನ ನೋಡು’ ಅಂದರಂತೆ. ಇನ್ನೊಂದು ಕಡೆ ಗೇಟಿನಲ್ಲೇ ನಿಲ್ಲಿಸಿದರು. ಬೆಂಗಳೂರಿಗೆ ಅಂಚೆಯಲ್ಲಿ ಹಾಕಿದ ಅರ್ಜಿಗಳಿಗೆ ಉತ್ತರ ಬರಲಿಲ್ಲ. ಒಂದು ವಾರಪತ್ರಿಕೆಯವರು ಲೇಖನ ವಾಪಸು ಕಳಿಸಿದರು, ಭಾಷೆ ಗ್ರಾಮ್ಯ ಅಂತ ಅಂಚಿನಲ್ಲಿ ಬರೆದು. ನಿನಗೆ ‘ಊರ ವಾಸನೆ’ ಅಂದರಲ್ಲ, ಹೆಚ್ಚುಕಡಿಮೆ ಅದೇ ಮಾತು.

ಹಳ್ಳಿಗೆ ವಾಪಸು ಹೋಗಲು ಮುಖವಿಲ್ಲದೆ ಅವರು ಇಳಿದದ್ದು ಗದಗಿನಲ್ಲಿ. ಗದಗಕ್ಕೆ ಮುದ್ರಣಕಾಶಿ ಅಂತ ಹೆಸರಿರುವುದು ನಿನಗೆ ಗೊತ್ತಿರಬಹುದು. ಪಂಚಾಂಗ, ಶಾಲಾ ಪುಸ್ತಕ, ಗೈಡು, ಪುರಾಣ, ನಾಟಕ ಕಂಪನಿಗಳ ಹ್ಯಾಂಡ್‌ಬಿಲ್ಲು, ಲಗ್ನಪತ್ರಿಕೆ, ಏನು ಬೇಕೋ ಎಲ್ಲ ಅಲ್ಲಿ ಅಚ್ಚಾಗುತ್ತಿತ್ತು. ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಕೆಲಸ ಸಿಕ್ಕಿತು. ಸಂಬಳ ಖಾನಾವಳಿಗೆ ಸಾಕಾಗುತ್ತಿತ್ತು, ಅಷ್ಟೇ. ರಾತ್ರಿ ಮಲಗಲು ಕಾಗದದ ಬಂಡಲುಗಳ ನಡುವೆ ಜಾಗ.

ಆ ಕೆಲಸ ಹೇಗಿತ್ತು ಅನ್ನುವುದನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಈಗ ಅದನ್ನು ಕಂಡವರು ಕಡಿಮೆ. ಅಚ್ಚಿನ ಮೊಳೆ ಜೋಡಿಸುವವರು ಎದುರಿಗೆ ಮೊಳೆಗಳ ಖಾನೆಯ ಕೇಸು ಇಟ್ಟುಕೊಂಡು, ಒಂದೊಂದೇ ಸೀಸದ ಮೊಳೆ ಹೆಕ್ಕಿ ಎಡಗೈಯಲ್ಲಿ ಹಿಡಿದ ಸ್ಟಿಕ್ಕು ಅನ್ನುವ ಸಣ್ಣ ಚೌಕಟ್ಟಿನಲ್ಲಿ ಸಾಲು ಕಟ್ಟುತ್ತಾರೆ. ಮೊಳೆಯ ಮೇಲೆ ಅಕ್ಷರ ಉಲ್ಟಾ. ಸಾಲುಗಳೆಲ್ಲ ಗ್ಯಾಲಿ ಅನ್ನುವ ಉದ್ದನೆಯ ತಟ್ಟೆಗೆ ಬಂದ ಮೇಲೆ ಮಸಿ ಹಚ್ಚಿ, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಒಂದು ಪ್ರೂಫ್ ತೆಗೆಯುತ್ತಾರೆ. ಒಬ್ಬ ಮೂಲ ಪ್ರತಿ ಓದಬೇಕು, ಇನ್ನೊಬ್ಬ ಪ್ರೂಫಿನ ಮೇಲೆ ಕಣ್ಣಿಟ್ಟು ತಪ್ಪು ಹಿಡಿಯಬೇಕು. ಕನ್ನಡದ ಕಷ್ಟ ಒತ್ತಕ್ಷರದ್ದು. ಸಣ್ಣ ಮೊಳೆ, ಅದೇ ಮೊದಲು ಸವೆಯುವುದು, ಅದೇ ಮುರಿಯುವುದು. ಒತ್ತು ಬಿದ್ದುಹೋದರೆ ಲಗ್ನಪತ್ರಿಕೆಯಲ್ಲಿ ಬೀಗರ ಹೆಸರೇ ಕೆಡುತ್ತದೆ. ಮಾಸ್ತರು ಮೊಳೆ ಜೋಡಿಸುವ ಹಿರಿಯರ ಪಕ್ಕದಲ್ಲಿ ನಿಂತು, ಸೀಸದ ಮೇಲಿನ ಉಲ್ಟಾ ಅಕ್ಷರವನ್ನೇ ಸರಾಗವಾಗಿ ಓದುವುದನ್ನು ಕಲಿತರು. ಪ್ರೂಫ್ ತೆಗೆಯುವ ಮೊದಲೇ ತಪ್ಪು ತೋರಿಸುತ್ತಿದ್ದರಂತೆ.

ಇನ್ನು ಇಂಗ್ಲಿಷಿನ ಸಂಗತಿ. ರದ್ದಿ ಅಂಗಡಿಯಿಂದ ಹಳೆಯ ಇಂಗ್ಲಿಷ್ ಪೇಪರು, ಅದೇ ತಾರೀಖಿನ ಕನ್ನಡ ಪೇಪರು ತೂಕದ ಮೇಲೆ ತರುತ್ತಿದ್ದರು. ಒಂದು ಉದ್ದನೆಯ ಲೆಕ್ಕದ ಪುಸ್ತಕ. ಎಡಪುಟದಲ್ಲಿ ಇಂಗ್ಲಿಷ್ ಸುದ್ದಿ ಕತ್ತರಿಸಿ ಅಂಟಿಸುವುದು, ಬಲಪುಟದಲ್ಲಿ ತಾವೇ ಕನ್ನಡ ಮಾಡುವುದು. ಅದಾದ ಮೇಲೆಯೇ ಕನ್ನಡ ಪತ್ರಿಕೆಯಲ್ಲಿ ಅದೇ ಸುದ್ದಿ ಹುಡುಕಿ ಕೆಳಗೆ ಅಂಟಿಸುವುದು. ಮೂರನ್ನೂ ಎದುರುಬದುರು ಇಟ್ಟು, ಡೆಸ್ಕಿನವರು ಎಲ್ಲಿ ವಾಕ್ಯ ಮುರಿದರು, ಯಾವುದನ್ನು ಬಿಟ್ಟರು, ಯಾವುದನ್ನು ಮೊದಲಿಗೆ ತಂದರು ಅಂತ ಗುರುತು ಹಾಕುವುದು. ಅಂಟು ಪ್ರೆಸ್ಸಿನ ಬೈಂಡಿಂಗಿನವರದು, ಮೈದಾ ಕುದಿಸಿ ಹುಳ ಹಿಡಿಯದಂತೆ ಮೈಲುತುತ್ತ ಹಾಕಿದ್ದು. ಆ ಪುಸ್ತಕಗಳನ್ನು ನಾನು ನೋಡಿದ್ದೇನೆ. ಅಂಚಿನಲ್ಲೆಲ್ಲ ನೀಲಿ ಕಲೆ, ಕೆಲವು ಪುಟಗಳಲ್ಲಿ ಡೆಸ್ಕಿನವರ ಅನುವಾದಕ್ಕೇ ಮಾಸ್ತರು ತಪ್ಪು ಹಾಕಿದ್ದಾರೆ. ಹಾಗೆ ಹಾಕಿದ ಕಡೆಯೆಲ್ಲ ಅವರೇ ಸರಿ ಇದ್ದರು.

ಐದು ವರ್ಷ ಹೀಗೆ. ಆಮೇಲೆ ಹುಬ್ಬಳ್ಳಿಯ ಪತ್ರಿಕೆಯೊಂದಕ್ಕೆ ರಾತ್ರಿ ಪಾಳಿಯ ಪ್ರೂಫ್ ರೀಡರ್ ಬೇಕಾಗಿ ಅವರನ್ನು ತೆಗೆದುಕೊಂಡರು. ಪ್ರೂಫ್ ರೀಡರ್ ಪತ್ರಕರ್ತನಲ್ಲ, ಪ್ರತಿಯಲ್ಲಿ ಇದ್ದದ್ದು ಹಾಗೇ ಬಂದಿದೆಯೋ ಇಲ್ಲವೋ ನೋಡಿದರೆ ಅವನ ಕೆಲಸ ಮುಗಿಯಿತು. ಮಾಸ್ತರು ಅಲ್ಲಿಗೆ ನಿಲ್ಲಲಿಲ್ಲ. ಒಂದು ರಾತ್ರಿ ಸುದ್ದಿಯಲ್ಲಿ ‘ಗದಗ ತಾಲೂಕಿನ ಅಣ್ಣಿಗೇರಿ’ ಅಂತಿತ್ತು. ಹುಬ್ಬಳ್ಳಿಯಿಂದ ಗದಗಿನ ಗಾಡಿ ಹತ್ತಿದರೆ ನಡುವೆ ಸಿಗುವ ಊರು, ಗದಗಕ್ಕೆ ಹತ್ತಿರ ಅಂತ ಯಾರೋ ಬರೆದಿದ್ದಾರೆ. ಆಗ ಅದು ನವಲಗುಂದ ತಾಲೂಕು. ಇವರು ಪ್ರೂಫಿನ ಅಂಚಿನಲ್ಲಿ ಪ್ರಶ್ನೆ ಚಿಹ್ನೆ ಹಾಕಿ, ಮೆಟ್ಟಿಲು ಹತ್ತಿ ಡೆಸ್ಕಿಗೇ ಹೋಗಿ ಕೇಳಿದರು. ಬೈಸಿಕೊಂಡರು. ಮರುದಿನ ಲಕ್ಷ್ಮೇಶ್ವರದ ಸುದ್ದಿಯಲ್ಲಿ ಶಿರಹಟ್ಟಿ ತಾಲೂಕು ಅನ್ನುವುದು ಬಿಟ್ಟುಹೋಗಿತ್ತು, ಮತ್ತೆ ಹೋದರು. ಯಾವ ಹಳ್ಳಿಯ ಸಂತೆ ಯಾವ ವಾರ, ಯಾವ ಕೆರೆಗೆ ಯಾವ ಹಳ್ಳದ ನೀರು, ಯಾವ ಜಾತ್ರೆಗೆ ಯಾವ ಊರಿನ ಪಲ್ಲಕ್ಕಿ, ಎಲ್ಲ ಬಾಯಲ್ಲೇ ಇತ್ತು. ಕೆಲವು ತಿಂಗಳಲ್ಲಿ ಡೆಸ್ಕಿನವರೇ ಕೆಳಗೆ ಕೂಗಿ ಕೇಳುವ ಹಾಗಾಯಿತು. ಜಿಲ್ಲಾ ಸುದ್ದಿಯ ಪುಟ ನೋಡಿಕೊಳ್ಳಲು ಒಬ್ಬರು ಬೇಕಾದಾಗ ಬೇರೆ ಹೆಸರು ಯಾರಿಗೂ ಹೊಳೆಯಲಿಲ್ಲ.

ಗ್ರಾಮ್ಯ ಅಂತ ವಾಪಸು ಬಂದ ಹುಡುಗ ಡೆಸ್ಕು ಹತ್ತಿದ್ದು ತನ್ನ ಊರುಕೇರಿಯ ತಿಳಿವಳಿಕೆಯಿಂದಲೇ. ಇದನ್ನು ನಾನು ನಿನಗಾಗಿ ಒತ್ತಿ ಹೇಳುತ್ತಿದ್ದೇನೆ.

1980ರ ಜುಲೈ 21 ನನ್ನ ಕಣ್ಣೆದುರಿಗೇ ನಡೆದದ್ದು. ನಾನು ಆಗ ಹೊಸಬಳು, ಹಗಲು ಪಾಳಿ. ಮಲಪ್ರಭಾ ಅಚ್ಚುಕಟ್ಟಿನ ರೈತರು ನರಗುಂದ, ನವಲಗುಂದದಲ್ಲಿ ಬೀದಿಗಿಳಿದರು, ಗೋಲಿಬಾರ್ ಆಯಿತು, ಸಾವುಗಳಾದವು. ಕಚೇರಿಯಲ್ಲಿ ಫೋನು ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಬಸ್ಸಿನಲ್ಲಿ ಬಂದವರು ಒಬ್ಬರು ಐದು ಅಂದರೆ ಇನ್ನೊಬ್ಬರು ಐವತ್ತು ಅನ್ನುವರು. ದೊಡ್ಡ ಅಂಕಿ ಹಾಕಿ ಹೆಡ್ಡಿಂಗ್ ಕೊಡಬೇಕು ಅಂತ ಒತ್ತಾಯ ಇತ್ತು. ಮಾಸ್ತರು ಎದ್ದು ನಿಂತು, ‘ಕಣ್ಣಿಲೆ ಕಂಡವರು ಹೇಳಿದ್ದಷ್ಟ ಹಾಕ್ರಿ. ಸತ್ತವರ ಮನಿಯವರು ನಾಳೆ ಈ ಪೇಪರ ಓದತಾರ’ ಅಂದರು. ಹಾಗೇ ಆಯಿತು. ಮರುದಿನ ಅವರು ಕೂತು ಬರೆದದ್ದು ಅಭಿವೃದ್ಧಿ ಕರದ ಬಗ್ಗೆ. ನವಿಲುತೀರ್ಥದ ಅಣೆಕಟ್ಟಿನ ನೀರು ಕಾಲುವೆಯ ಕೊನೆಯ ಹೊಲಕ್ಕೆ ತಲುಪಿಲ್ಲ, ಕರದ ನೋಟಿಸು ಮಾತ್ರ ತಲುಪಿದೆ. ನೀರು ಬಾರದ ಹೊಲಕ್ಕೆ ನೀರಾವರಿಯ ಕರ ಯಾಕೆ ಅನ್ನುವ ರೈತರ ಪ್ರಶ್ನೆಯನ್ನು ಚಾವಡಿ ಕಟ್ಟೆಯಲ್ಲಿ ಓದಿ ಹೇಳಿದರೆ ಅರ್ಥವಾಗುವ ಹಾಗೆ ಬರೆದರು. ರೈತ ಚಳವಳಿ ಅಲ್ಲಿಂದ ರಾಜ್ಯಕ್ಕೆಲ್ಲ ಹಬ್ಬಿತು, 1983ರಲ್ಲಿ ಗುಂಡೂರಾವ್ ಸರಕಾರ ಹೋಗಲು ಅದೂ ಒಂದು ಕಾರಣ ಅಂತ ಈಗ ಎಲ್ಲರೂ ಹೇಳುತ್ತಾರೆ. ಈಗಲೂ ಪ್ರತಿ ವರ್ಷ ಜುಲೈ 21ಕ್ಕೆ ನರಗುಂದದಲ್ಲಿ ರೈತರು ಸೇರುತ್ತಾರೆ. ಮಾಸ್ತರು ಕಾಲು ನಡೆಯುವ ತನಕ ಒಂದು ವರ್ಷವೂ ತಪ್ಪಿಸಿದವರಲ್ಲ.

ಈಗ ನೀನು ಕೇಳಿದ್ದಕ್ಕೆ ಬರುತ್ತೇನೆ, ಹೇಗೆ ತಡೆದುಕೊಂಡರು ಅಂತ. ಅವರು ನಿವೃತ್ತರಾದಾಗ ನಾವೊಂದು ಸಣ್ಣ ಸಮಾರಂಭ ಮಾಡಿದ್ದೆವು. ಮಾತಾಡಿದ ಅತಿಥಿಯೊಬ್ಬರು, ಅಂದು ಬಾಗಿಲು ಹಾಕಿದವರಿಗೆ ನಾವು ಕೃತಜ್ಞರಾಗಿರಬೇಕು, ಆ ತಿರಸ್ಕಾರವೇ ಇವರನ್ನು ಬೆಳೆಸಿತು ಅಂದರು. ಚಪ್ಪಾಳೆ ಬಿತ್ತು. ಮಾಸ್ತರು ಉತ್ತರ ಕೊಡಲು ಎದ್ದಾಗ ದನಿ ನಡುಗುತ್ತಿತ್ತು. ‘ಆ ಐದು ವರ್ಷ ನನಗ ಬೇಕಾಗಿರಲಿಲ್ಲ. ನಾ ರೊಕ್ಕ ಕಳಸಲಿಲ್ಲ ಅಂತ ನನ್ನ ತಂಗಿ ಸಾಲಿ ಬಿಟ್ಟಳು. ಆಕಿ ನನಗಿಂತ ಶ್ಯಾಣ್ಯಾಕಿ ಇದ್ದಳು. ನನ್ನ ಬೆಳಸಿದವರು ಬಾಗಲಾ ಹಾಕಿದವರಲ್ಲ, ಗದಗಿನ ಪ್ರೆಸ್ಸಿನ್ಯಾಗ ಪಕ್ಕಕ್ಕ ನಿಂದರಿಸಿಕೊಂಡು ಮೊಳಿ ಓದೋದು ಕಲಿಸಿದವರು.’ ಅಷ್ಟು ಹೇಳಿ ಕೂತುಬಿಟ್ಟರು. ಸಭೆಯಲ್ಲಿ ಮುಂದೇನು ಮಾತಾಡಬೇಕು ಅಂತ ಯಾರಿಗೂ ತಿಳಿಯಲಿಲ್ಲ.

ಅವತ್ತಿನಿಂದ, ಸೋಲು ಒಳ್ಳೆಯದು, ತಿರಸ್ಕಾರದಿಂದ ಮನುಷ್ಯ ಗಟ್ಟಿಯಾಗುತ್ತಾನೆ ಅನ್ನುವ ಮಾತನ್ನು ನಾನು ಯಾವ ಹುಡುಗರಿಗೂ ಹೇಳಿಲ್ಲ. ನಿನಗೂ ಹೇಳುವುದಿಲ್ಲ. ನಿನಗೆ ಉತ್ತರ ಕೊಡದವರು ನಿನಗೆ ಉಪಕಾರ ಮಾಡಿಲ್ಲ. ನಿನ್ನ ಸಿಟ್ಟು ನ್ಯಾಯವಾದದ್ದು.

ಮಾಸ್ತರು ಆ ಸಿಟ್ಟನ್ನು ಏನು ಮಾಡಿದರು ಅನ್ನುವುದಕ್ಕೆ ಒಂದು ಉದಾಹರಣೆ ಇದೆ. ಭಾನುವಾರದ ಪುರವಣಿ ಅವರ ಕೈಗೆ ಬಂದಾಗ, ವಾಪಸು ಕಳಿಸುವ ಪ್ರತಿಯೊಂದು ಲೇಖನಕ್ಕೂ ಒಂದು ಪೋಸ್ಟ್‌ಕಾರ್ಡ್ ಬರೆಯುತ್ತಿದ್ದರು. ಕಚೇರಿ ಖರ್ಚಿನಲ್ಲಿ ಅಷ್ಟು ಕಾರ್ಡು ಕೊಡುವುದಿಲ್ಲ ಅಂದಾಗ ತಮ್ಮ ರೊಕ್ಕದಲ್ಲಿ ತಂದರು. ‘ವಿಷಾದಿಸುತ್ತೇವೆ’ ಅನ್ನುವ ಅಚ್ಚಿನ ಚೀಟಿ ಅವರಿಗೆ ಆಗುತ್ತಿರಲಿಲ್ಲ. ಅಂಥ ಒಂದು ಕಾರ್ಡನ್ನು ನಾನೇ ಅಂಚೆಗೆ ಹಾಕಿದ್ದೆ, ಕುಂದಗೋಳ ಕಡೆಯ ಹೆಣ್ಣುಮಗಳೊಬ್ಬಳಿಗೆ: ‘ನಿಮ್ಮ ಲೇಖನದ ಮೊದಲ ಎರಡು ಪುಟ ಯಾರು ಬೇಕಾದರೂ ಬರೆಯಬಹುದು. ಮೂರನೆಯ ಪುಟದಲ್ಲಿ ನಿಮ್ಮ ಅಜ್ಜಿ ಕೌದಿ ಹೊಲಿಯುವಾಗ ಯಾವ ಸೀರೆಯ ತುಂಡು ಯಾರದು ಎಂದು ಹೇಳುತ್ತಾರಲ್ಲ, ಅಲ್ಲಿಂದ ಶುರು ಮಾಡಿ. ಎರಡು ವಾರದಲ್ಲಿ ಕಳಿಸಿದರೆ ದೀಪಾವಳಿಗೆ ಹಾಕಬಹುದು.’ ಆಕೆ ಕಳಿಸಿದಳು, ಅಚ್ಚಾಯಿತು. ನನಗೂ ಅವರು ಎಷ್ಟೋ ಕಾಪಿ ತಿರುಗಿ ಕೊಟ್ಟಿದ್ದಾರೆ, ಯಾಕೆ ಅನ್ನುವುದನ್ನು ಹೇಳದೆ ಒಂದನ್ನೂ ಕೊಟ್ಟಿಲ್ಲ. ಹೆಣ್ಣುಮಕ್ಕಳಿಗೆ ರಾತ್ರಿ ಪಾಳಿ ಕೊಡುವುದಿಲ್ಲ, ಆದ್ದರಿಂದ ಮುಖಪುಟದ ಕೆಲಸವೂ ಇಲ್ಲ ಅಂತಿದ್ದ ಕಾಲದಲ್ಲಿ, ಸಂಜೆಯ ಪಾಳಿಯಲ್ಲೇ ನನ್ನನ್ನು ಕೂರಿಸಿ ಮುಖಪುಟ ಕಟ್ಟುವುದನ್ನು ಕಲಿಸಿ, ಧಾರವಾಡದ ಕಡೆಯ ಬಸ್ಸು ತಪ್ಪದಂತೆ ಗಡಿಯಾರ ನೋಡಿ ಎಬ್ಬಿಸುತ್ತಿದ್ದರು.

ಇನ್ನು ನಿನ್ನ ವಿಷಯ. ನೀನು ಕೂತಿರುವುದು ಬ್ಯಾಡಗಿಯ ದಲಾಲಿ ಅಂಗಡಿಯಲ್ಲಿ, ಅದನ್ನು ನಾಚಿಕೆಯ ಹಾಗೆ ಬರೆದಿದ್ದೀಯ. 2024ರ ಮಾರ್ಚ್ 11ರಂದು ದರ ಕುಸಿದು ರೈತರು ಎಪಿಎಂಸಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಬಿದ್ದಾಗ ಎಲ್ಲಿಂದೆಲ್ಲಿಂದಲೋ ಕ್ಯಾಮೆರಾಗಳು ಬಂದವು. ಒಂದೆರಡು ದಿನ ಇದ್ದು ಹೋದವು. ಅದಕ್ಕೂ ಮೊದಲಿನ ಸೋಮವಾರ, ಗುರುವಾರಗಳಲ್ಲಿ ದರ ಹೇಗೆ ಇಳಿಯುತ್ತಿತ್ತು, ಕೋಲ್ಡ್ ಸ್ಟೋರೇಜಿನಲ್ಲಿ ಹಳೆಯ ಮಾಲು ಎಷ್ಟಿತ್ತು, ಹೊರರಾಜ್ಯದ ಕಾಯಿ ಎಷ್ಟು ಬಂತು, ಯಾವ ಊರಿನ ರೈತ ಯಾವ ದರಕ್ಕೆ ಚೀಲ ವಾಪಸು ಹೊತ್ತುಕೊಂಡು ಹೋದ, ಇವೆಲ್ಲ ಎಲ್ಲಿರುತ್ತವೆ? ನಿನ್ನಂಥವರು ಬರೆಯುವ ಲೆಕ್ಕದ ಪುಸ್ತಕದಲ್ಲಿ, ನಿನ್ನ ಅಂಗಡಿಯ ಮುಂದೆ ಚಹಾ ಕುಡಿಯುವವರ ಬಾಯಲ್ಲಿ. ಡಬ್ಬಿ ಕಾಯಿ ಯಾವುದು, ಕಡ್ಡಿ ಕಾಯಿ ಯಾವುದು ಅಂತ ಮುಟ್ಟಿ ನೋಡಿ ಹೇಳಬಲ್ಲೆ ನೀನು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕ, ಅಂದರೆ ಇದು ಈ ಸೀಮೆಯದೇ ಅನ್ನುವ ಗುರುತು, ಸಿಕ್ಕಿತು. ಅದರಿಂದ ಬೆಳೆಯುವವನ ಕೈಗೆ ಏನು ಬಂತು ಅಂತ ವಿಚಾರಿಸಿ ಬರೆ. ಖಾರ ಕಡಿಮೆ, ಬಣ್ಣ ಹೆಚ್ಚು ಅನ್ನುವ ಈ ಕಾಯಿ ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗುವ ದಾರಿಯನ್ನು ಹಿಂಬಾಲಿಸಿ ಬರೆ. ಅಂಗಡಿಯ ಗುಟ್ಟು ಬಯಲು ಮಾಡು ಅನ್ನುತ್ತಿಲ್ಲ. ಅಪ್ಪನ ವ್ಯಾಪಾರದ ಅಂಕಿ ಹಾಕಬೇಡ, ಎಪಿಎಂಸಿಯವರೇ ಪ್ರಕಟಿಸುವ ದರ ಸಾಕು. ನೀನು ದಲಾಲರ ಮಗಳು ಅನ್ನುವುದನ್ನು ಮೊದಲನೆಯ ಪ್ಯಾರಾದಲ್ಲೇ ಹೇಳಿಬಿಡು.

ಪ್ರಶ್ನೆ: ಪತ್ರಕರ್ತರಾಗಲು ಡಿಗ್ರಿ ಬೇಕೇಬೇಕೆ?
— ಪಿಯುಸಿ ವಿದ್ಯಾರ್ಥಿ, ಗದಗ

ಉತ್ತರ: ಹುಬ್ಬಳ್ಳಿಯಲ್ಲೇ ಎರಡೂ ಥರದ ದೊಡ್ಡವರು ಇದ್ದರು. ಹಾವೇರಿ ಹತ್ತಿರದ ಕುರುಬಗೊಂಡದ ಪಾಟೀಲ ಪುಟ್ಟಪ್ಪನವರು ಬೆಳಗಾವಿಯಲ್ಲಿ ಕಾನೂನು ಓದಿ, ಕ್ಯಾಲಿಫೋರ್ನಿಯಾಕ್ಕೆ ಹೋಗಿ ಪತ್ರಿಕೋದ್ಯಮ ಕಲಿತು ಬಂದು ‘ಪ್ರಪಂಚ’ ವಾರಪತ್ರಿಕೆ ನಡೆಸಿದರು. ಉಡುಪಿಯಿಂದ ಬಂದ ಪಾ.ವೆಂ. ಆಚಾರ್ಯರು ಬಡತನದಿಂದಾಗಿ ಕಾಲೇಜು ಮೆಟ್ಟಿಲು ಹತ್ತಲಿಲ್ಲ. 1956ರಲ್ಲಿ ಹುಬ್ಬಳ್ಳಿಯಿಂದ ಶುರುವಾದ ‘ಕಸ್ತೂರಿ’ ಮಾಸಪತ್ರಿಕೆಯನ್ನು 1975ರವರೆಗೆ ಕಟ್ಟಿ ಬೆಳೆಸಿದವರು ಅವರೇ. ವಿಜ್ಞಾನವೋ ಇತಿಹಾಸವೋ ಹರಟೆಯೋ, ಅವರು ಮುಟ್ಟದ ವಿಷಯ ಇರಲಿಲ್ಲ. ಇಬ್ಬರಿಗೂ ಇದ್ದದ್ದು ದಿನವೂ ಓದುವ ಹಸಿವು. ಈಗ ಕೆಲಸಕ್ಕೆ ಕರೆಯುವವರು ಡಿಗ್ರಿ ಕೇಳುತ್ತಾರೆ, ಅದಕ್ಕಾಗಿ ಮಾಡಿಕೋ. ಯಾವ ವಿಷಯದ್ದಾದರೂ ಆದೀತು. ನನ್ನನ್ನು ಕೇಳಿದರೆ ಅರ್ಥಶಾಸ್ತ್ರ ಓದು, ಬಜೆಟ್ಟು ಓದಲು ಬರುವವರು ಜಿಲ್ಲಾ ಪುಟಗಳಲ್ಲಿ ಬಹಳ ಕಡಿಮೆ.

ಪ್ರಶ್ನೆ: ಲೇಖನ ಕಳಿಸಿ ಎಷ್ಟು ದಿನ ಕಾಯಬೇಕು? ಉತ್ತರವೇ ಬರದಿದ್ದರೆ?
— ನಿವೃತ್ತ ಶಿಕ್ಷಕರು, ರಾಣೆಬೆನ್ನೂರು

ಉತ್ತರ: ಗುರುಗಳೇ, ಒಂದೂವರೆ ತಿಂಗಳು ಕಾದು, ಒಂದು ಸಾಲಿನ ನೆನಪೋಲೆ ಹಾಕಿ, ಆಮೇಲೆ ಇನ್ನೊಂದು ಪತ್ರಿಕೆಗೆ ಕಳಿಸಿ. ಒಂದೇ ಲೇಖನವನ್ನು ಒಂದೇ ಸಲ ಇಬ್ಬರಿಗೆ ಕಳಿಸಬೇಡಿ. ಪ್ರತಿ ನಿಮ್ಮ ಹತ್ತಿರ ಇರಲಿ. ಉತ್ತರ ಬರಲಿಲ್ಲ ಅಂದರೆ ಬರಹ ಕೆಟ್ಟದ್ದು ಅಂತಲ್ಲ, ಎಷ್ಟೋ ಕಚೇರಿಗಳಲ್ಲಿ ಈಗ ಬಂದ ಲೇಖನ ಓದಲೆಂದೇ ಕೂತ ಮನುಷ್ಯರೇ ಇಲ್ಲ. ಇದು ತಪ್ಪು, ಇದನ್ನು ನಾನು ಸಂಪಾದಕರ ಸಭೆಗಳಲ್ಲೂ ಹೇಳುತ್ತ ಬಂದಿದ್ದೇನೆ.

ಬ್ಯಾಡಗಿಯ ತಂಗಿಗೆ ಇನ್ನೊಂದು ಮಾತು. ಮಾರುಕಟ್ಟೆಯ ಮೇಲೆ ಎಂಟುನೂರು ಶಬ್ದ ಮೀರದಂತೆ ಒಂದು ಬರಹವನ್ನು ಈ ತಿಂಗಳ ಕೊನೆಯೊಳಗೆ ಅಂಕಣದ ವಿಳಾಸಕ್ಕೆ ಕಳಿಸು. ಕೈಬರಹವಾದರೂ ನಡೆಯುತ್ತದೆ, ಸಾಲಿನ ನಡುವೆ ಜಾಗ ಬಿಡು. ಅಚ್ಚಾಗುತ್ತದೆ ಅಂತ ಮಾತು ಕೊಡಲಾರೆ, ಅದು ಸಂಪಾದಕರ ಕೈಯಲ್ಲಿದೆ. ಓದಿ, ಎಲ್ಲಿ ಏನು ಅಂತ ಗುರುತು ಹಾಕಿ, ಹದಿನೈದು ದಿನದೊಳಗೆ ನಾನೇ ತಿರುಗಿ ಕಳಿಸುತ್ತೇನೆ.